ಕಟ್ಟದ ತೆರಿಗೆಗೂ ಲೆಕ್ಕ

ಗೆಳೆಯರೇ, ಇವತ್ತು ನನ್ನ ತಲೆ ಕೆಟ್ಟುಹೋಗಿದೆ. ದೊಡ್ಡಬಳ್ಳಾಪುರದ ಹತ್ತಿರ ವಿದೇಶಿ ಕಂಪನಿಯ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕದ ಗುಮಾಸ್ತ. ತೆರಿಗೆಯನ್ನು ಪೈಸೆ ಬಿಡದೆ ಕಟ್ಟಿ, ಲಂಡನ್ನಿನ ಹೆಡ್ಡಾಫೀಸಿಗೆ ಲೆಕ್ಕ ಕಳಿಸಿದ್ದೆ. ಇವತ್ತು ಏರ್‌ಮೇಲಿನಲ್ಲಿ ವಾಪಸ್ ಬಂತು: ಕಟ್ಟದ ತೆರಿಗೆಯನ್ನೂ ಬರೆಯಿರಿ!

"ಬಾಕಿನೇ ಇಲ್ವಲ್ಲ ಸಾರ್?" ಎಂದು ಮ್ಯಾನೇಜರನ್ನು ಕೇಳಿದೆ.

"ಹೊಸ ಯಂತ್ರಕ್ಕೆ ಸರ್ಕಾರ ಮೊದಮೊದಲು ರಿಯಾಯಿತಿ ಕೊಡುತ್ತೆ ಕಣಯ್ಯಾ, ಅದಕ್ಕೇ ಈಗ ತೆರಿಗೆ ಕಮ್ಮಿ. ಯಂತ್ರ ಹಳೇದಾದ್ಮೇಲೆ ಜಾಸ್ತಿ ಕಟ್ಬೇಕು. ಅದನ್ನ ಈಗ್ಲೇ ಖರ್ಚು ಅಂತ ಬರಿ."

ಕೊಡದ ದುಡ್ಡು ಖರ್ಚು ಹೇಗಾಗುತ್ತದೆ? ರಸೀದಿಯಿಲ್ಲದೆ ಸಹಿ ಹಾಕುವುದಿಲ್ಲ ಎಂದುಬಿಟ್ಟೆ. ಮ್ಯಾನೇಜರು ಕೆಂಪಗಾದರು.

ಟೀ ತಂದಿದ್ದ ಮುದಿ ಜವಾನ ಮುನಿಯಪ್ಪ ನಡುವೆ ಬಾಯಿ ಹಾಕಿದ. "ಇದು ಮುಯ್ಯಿ ಇದ್ದಂಗೆ ಸಾಮಿ. ನಮ್ಮನೆ ಮದ್ವೇಲಿ ಅವ್ರು ಹಾಕಿದ್ದನ್ನ ಬರ್ದಿಟ್ಕೊಂಡು, ಅವ್ರ ಮನೆ ಮದ್ವೇಲಿ ತೀರಿಸಲ್ವಾ?"

ಅಬ್ಬಾ, ಅರ್ಥವಾಯಿತು ಎಂದು ಪೆನ್ನು ತೆಗೆದೆ. ಅಷ್ಟರಲ್ಲಿ ಅವನೇ ಕೇಳಿದ: "ವರ್ಷಾ ವರ್ಷ ಹೊಸ ಯಂತ್ರ ತಂದ್ರೆ?"

"ತೀರ್ಸೋದು ಮುಂದಕ್ಕೆ ಹೋಗ್ತಾನೇ ಇರುತ್ತೆ," ಎಂದರು ಮ್ಯಾನೇಜರು.

ಸಹಿ ಹಾಕಿ ಬಂದಿದ್ದೇನೆ. ನನಗೆ ತಿಳಿದದ್ದಿಷ್ಟು: ವರ್ಷಾ ವರ್ಷ ಮದುವೆ ಕಂಪನಿ ಮನೆಯಲ್ಲೇ. ಸರ್ಕಾರದ ಮನೆಗೆ ಕಂಕಣಬಲವೇ ಇಲ್ಲ.