ಬಸವಯ್ಯ ಯಂತ್ರದ ಒಳಗೂ ಕಸ ಗುಡಿಸಿದ್ದು

ವಿರೂಪಾಕ್ಷಿಪುರದ ಬಸವಯ್ಯ ಚನ್ನಪಟ್ಟಣದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಹದಿಮೂರು ವರ್ಷದಿಂದ ಅಟೆಂಡರ್. ಹದಿಮೂರು ವರ್ಷವೂ ಟೆಂಪರವರಿ. ಅಷ್ಟರಲ್ಲಿ ಸಾವನದುರ್ಗದ ಬಂಡೆ ಕೂಡ ಎರಡು ಗೇಣು ಬೆಳೆದಿತ್ತು. ಅವನು ಕೂರುತ್ತಿದ್ದ ಮರದ ಸ್ಟೂಲಿನ ಕಾಲು ನೆಲದಲ್ಲಿ ಬೇರು ಬಿಟ್ಟು ಒಂದು ಮಳೆಗಾಲದಲ್ಲಿ ಚಿಗುರಿಯೂ ಇತ್ತು. ಬೇರು ಬಿಡದೆ ಉಳಿದದ್ದು ಅವನ ಕೆಲಸ ಒಂದೇ.

ಬಿಡದಿ ಕಡೆ ಕಾರ್ಖಾನೆಗಳು ಅಣಬೆಯಂತೆ ಏಳುತ್ತಿದ್ದ ಕಾಲವದು. ಡಿಪ್ಲೊಮಾ ಹಿಡಿದವರನ್ನು ಗೇಟಿನಲ್ಲೇ ಎಳೆದುಕೊಳ್ಳುತ್ತಾರೆಂಬ ಸುದ್ದಿ ಹಬ್ಬಿ, ಕಾಲೇಜಿನವರು ಎಂಟು ಹಳೆಯ ಕಂಪ್ಯೂಟರ್ ತಂದು ಲ್ಯಾಬ್ ಮಾಡಿ, ಬಸವಯ್ಯನನ್ನು ಅಲ್ಲಿಗೆ ತಳ್ಳಿದರು. ಆ ಯಂತ್ರಗಳ ನಿಧಾನವನ್ನು ಏನೆಂದು ಹೇಳಲಿ! ಬೆಳಿಗ್ಗೆ ಗುಂಡಿ ಒತ್ತಿ, ಮಾಗಡಿಗೆ ಹೋಗಿ ಮದುವೆ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಬಂದರೂ ಪರದೆ ಇನ್ನೂ ಆಕಳಿಸುತ್ತಿರುತ್ತಿತ್ತು. ಎಂಟನೆಯದರ ಪರದೆ ಸುಟ್ಟುಹೋದ ಮೇಲೆ ಅದರ ಸಿಪಿಯು ಡಬ್ಬ ಸ್ಟೋರ್ ರೂಮಿಗೆ ಹೋಗಿ, ಕುಡಿಯುವ ನೀರಿನ ಹೂಜಿಗೆ ಪೀಠವಾಯಿತು.

ವಿಂಡೋಸಿನ ಬಣ್ಣದ ಕಿಟಕಿಗಳೆಲ್ಲ ಆ ಯಂತ್ರಗಳಿಗೆ ಭಾರ. ಹಾಗಾಗಿ ಹುಡುಗರು ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಕುಟ್ಟಬೇಕಿತ್ತು. ಮೊದಲು ಬರೆದ ಪ್ರೋಗ್ರಾಮನ್ನು ಕಂಪೈಲ್ ಮಾಡುವುದು. ಆಗ ‘ಆಬ್ಜ್’ ಎಂಬ ಬಾಲವಿರುವ ಒಂದು ಫೈಲು ಹುಟ್ಟುತ್ತದೆ. ಆಮೇಲೆ ಲಿಂಕ್ ಮಾಡುವುದು. ಆಗ ಬಿಡಿ ಫೈಲುಗಳೆಲ್ಲ ಕೂಡಿಕೊಂಡು ಓಡುವಂಥ ಪ್ರೋಗ್ರಾಮು ಆಗುತ್ತದೆ. ಓಡಿದ ಮೇಲೆ ಆಬ್ಜ್‌ಗಳನ್ನು ಯಾರೂ ತಿರುಗಿ ನೋಡುವುದಿಲ್ಲ. ಅವು ತುಂಬಿಕೊಂಡು ಜಾಗ ಸಾಲದಾದಾಗ ಪಾಠ ಹೇಳುವ ಪ್ರತಿಮಾ ಮೇಡಂ ಬಸವಯ್ಯನಿಗೆ ಅವನ್ನು ಅಳಿಸುವ ಒಂದು ಸಾಲಿನ ಆಜ್ಞೆ ಕಲಿಸಿಕೊಟ್ಟರು. ಹುಡುಗರ ಫೋಲ್ಡರಿನಲ್ಲಿ ಸಂಜೆ ಅದನ್ನು ಕುಟ್ಟಿದರೆ ಆಬ್ಜ್‌ಗಳೆಲ್ಲ ಮಾಯ. ಇಂಗ್ಲಿಷ್ ಬಾರದ ಬಸವಯ್ಯ ಅದನ್ನು ಮಂತ್ರದಂತೆ ಬಾಯಿಪಾಠ ಮಾಡಿದ. ನೆಲ ಗುಡಿಸುವುದು, ಆಬ್ಜ್ ಗುಡಿಸುವುದು, ಬೀಗ ಹಾಕುವುದು.

ಆ ವರ್ಷ ದಸರೆಗೆ ಮುಂಚೆ ಪ್ರಿನ್ಸಿಪಾಲ್ ಮನೋಹರ್ ಅವನನ್ನು ಕರೆದು, “ಬಸವಯ್ಯ, ಪ್ರಾಕ್ಟಿಕಲ್ ಪರೀಕ್ಷೆ ಮುಗಿಯೋವರೆಗೂ ನಿನ್ನ ಮೇಲೆ ಒಂದು ದೂರೂ ಬರಬಾರದು. ಬರಲಿಲ್ಲ ಅಂದ್ರೆ ನಿನ್ನ ಖಾಯಂ ಫೈಲಿಗೆ ಸೈನ್ ಹಾಕ್ತೀನಿ” ಅಂದರು.

“ಆಗ್ಲಿ ಸಾ” ಅಂದ ಬಸವಯ್ಯ. ಸಂತೋಷಪಡಲು ಒಸಿ ತ್ರಾಣ ಬೇಕಲ್ಲ, ಅದು ಅವನಲ್ಲಿ ಉಳಿದಿರಲಿಲ್ಲ.

ಆಯುಧಪೂಜೆ ಬಂತು. ಪೂಜೆಗೆ ಮುಂಚೆ ಮೂಲೆ ಮೂಲೆಯೂ ಗುಡಿಸಬೇಕು, ಅದು ಹಿರಿಯರ ಕಾಲದ ಕಟ್ಟಳೆ. ಬಸವಯ್ಯ ಜೇಡರ ಬಲೆ ತೆಗೆದ, ಮೇಜು ಒರೆಸಿದ. ಆಮೇಲೆ ಯಂತ್ರದ ಒಳಗೂ ಮೂಲೆಗಳಿವೆಯಲ್ಲ ಎನ್ನುವುದು ಹೊಳೆಯಿತು. ಒಂದೊಂದೇ ಫೋಲ್ಡರ್ ಹೊಕ್ಕು, ಕಂಡಲ್ಲೆಲ್ಲ ಮಂತ್ರ ಕುಟ್ಟಿದ. ಏಳೂ ಯಂತ್ರ ಕನ್ನಡಿಯಂತಾದವು. ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಬೂದುಗುಂಬಳ ಒಡೆದ. ಕೆಟ್ಟದ್ದಕ್ಕೆ ಪೂಜೆ ಇಲ್ಲವೆಂದು ಹೂಜಿಯ ಕೆಳಗಿನ ಎಂಟನೆಯದನ್ನು ಮುಟ್ಟಲಿಲ್ಲ.

ರಜೆ ಮುಗಿದ ಮರುದಿನವೇ ಪರೀಕ್ಷೆ. ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದರು. ಹುಡುಗರು ಬರೆದರು, ಕಂಪೈಲ್ ಮಾಡಿದರು. ತಪ್ಪಿಲ್ಲ ಎಂದಿತು ಯಂತ್ರ. ಲಿಂಕ್ ಮಾಡಿದರು. ‘ಸಿ ಸೊನ್ನೆ ಎಸ್’ ಎಂಬ ಆಬ್ಜ್ ಸಿಗುತ್ತಿಲ್ಲ ಎಂದಿತು. ಏಳು ಯಂತ್ರದ್ದೂ ಒಂದೇ ರಾಗ.

“ವೈರಸ್ಸು” ಅಂದರು ಪರೀಕ್ಷಕರು. “ಹೊರಗಿನ ಫ್ಲಾಪಿ ಯಾರು ತಂದಿದ್ರಿ?”

ಇಕ್ರಾ ಎದ್ದು ನಿಂತಳು. ಆಟಿಕೆ ಕಡೆಯುವವರ ಮನೆಯ ಹುಡುಗಿ. ಬಿಡದಿಯ ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. “ನಾನ್ ತಂದಿದ್ದೆ ಸರ್, ರಜೆಗೆ ಮುಂಚೆ. ಅದ್ರಲ್ಲಿ ನೋಟ್ಸ್ ಮಾತ್ರ ಇತ್ತು.”

“ಹೆಸರು ಬರಿರಿ ಮೇಡಂ. ಈಕೇನ ಡಿಬಾರ್ ಮಾಡಿ, ಪರೀಕ್ಷೆ ಮುಂದಕ್ಕೆ ಹಾಕಿ.”

ಬಸವಯ್ಯ ಸ್ಟೂಲಿನ ಮೇಲೆ ಕೂತೇ ಇದ್ದ. ವೈರಸ್ಸಿಗೆ ಕೈಕಾಲಿಲ್ಲ, ಅದರ ಮೇಲೆ ದೂರು ಹೋದರೆ ಅವನ ಫೈಲಿಗೆ ಏನೂ ಆಗುವುದಿಲ್ಲ. ಸುಮ್ಮನಿದ್ದರೆ ಸಾಕು, ಸುಮ್ಮನಿರುವುದರಲ್ಲಂತೂ ಅವನಿಗೆ ಹದಿಮೂರು ವರ್ಷದ ಅನುಭವ. ಅವನು ನಿಟ್ಟುಸಿರು ಬಿಟ್ಟ. ಆ ಉಸಿರಿಗೆ ಕೆಟ್ಟು ನಿಂತಿದ್ದ ಫ್ಯಾನು ಮೂರು ಸುತ್ತು ತಿರುಗಿ ನಿಂತಿತು.

“ಆ ಮಗೀನ ಹೆಸ್ರು ಬರೀಬ್ಯಾಡಿ ಸಾ. ನಾನೇ ಗುಡಿಸ್ಬುಟ್ಟೆ.”

“ಏನು ಗುಡಿಸಿದೆ?”

“ಹಬ್ಬಕ್ಕೆ ಅಂತ ಒಳಗಡೆ ಎಲ್ಲಾ ಗುಡಿಸ್ದೆ. ‘ಲಿಬ್’ ಅಂತ ಒಂದು ರೂಮ್ ಐತಲ್ಲ, ಅಲ್ಲೂ ಆಬ್ಜ್ ಬಿದ್ದಿದ್ವು. ಯಾವನೋ ಸೋಂಬೇರಿ ಬುಟ್ಟೋಗವ್ನೆ ಅಂತ ಅಳಿಸ್ಬುಟ್ಟೆ.”

ಪ್ರತಿಮಾ ಮೇಡಂ ಹಣೆ ಹಿಡಿದುಕೊಂಡರು. “ಅಯ್ಯೋ ಬಸವಯ್ಯ, ಅದಿಲ್ಲದೆ ಯಾವ ಪ್ರೋಗ್ರಾಮೂ ಲಿಂಕ್ ಆಗಲ್ಲ ಕಣಯ್ಯ!”

“ಅದು ಕಸ ಅಲ್ವಾ?” ಎಂದು ಅವನು ಇಕ್ರಾಳನ್ನು ಕೇಳಿದ.

“ಅಲ್ಲಣ್ಣ. ನಮ್ಮಬ್ಬಾ ಲೇತಲ್ಲಿ ಕುದುರೆ ಕಾಲು, ತಲೆ ಎಲ್ಲಾ ಬಿಡಿಬಿಡಿ ಕಡೆದಿಟ್ಟು ಆಮೇಲೆ ಜೋಡಿಸ್ತಾರೆ. ನೀನು ಹೊಟ್ಟು ಅಂದ್ಕೊಂಡು ಕಾಲು ಗುಡಿಸ್ಬಿಟ್ಟಿದೀಯ.”

“ಹಂಗಾರೆ ಹೂಜಿ ಕೆಳಗಿನ ಡಬ್ಬದಲ್ಲಿ ಕಾಲು ಇರ್ಬೇಕಲ್ಲವ್ವ. ಅದ್ಕೆ ನಾನು ಪೂಜೆನೇ ಮಾಡಿಲ್ಲ.”

ಡಬ್ಬ ತಂದರು. ಬೇರೆ ಪರದೆ ಸಿಕ್ಕಿಸಿದರು. ಅದು ಏಳುವಷ್ಟರಲ್ಲಿ ಪರೀಕ್ಷಕರ ತಲೆಯಲ್ಲಿ ನಾಲ್ಕು ಕೂದಲು ನರೆತವು, ಎರಡು ಉದುರಿದವು. ಕಡೆಗೂ ಆ ಆಬ್ಜ್ ಸಿಕ್ಕಿತು. ಇಕ್ರಾಳೇ ಅದನ್ನು ಫ್ಲಾಪಿಗೆ ಹಾಕಿಕೊಂಡು ಏಳೂ ಯಂತ್ರಕ್ಕೆ ಹಂಚಿದಳು. ಸಂಜೆ ಐದಕ್ಕೆ ಪರೀಕ್ಷೆ ಮುಗಿಯಿತು. ಅವಳ ಹೆಸರನ್ನು ಯಾರೂ ಬರೆಯಲಿಲ್ಲ.

ಮನೋಹರ್ ಬಸವಯ್ಯನಿಂದ ತಪ್ಪೊಪ್ಪಿಗೆ ಬರೆಸಿ ಸಹಿ ಹಾಕಿಸಿಕೊಂಡರು. “ನೀನು ಸುಳ್ಳು ಹೇಳಲಿಲ್ಲ, ಒಳ್ಳೇದು. ಆದ್ರೆ ಪರೀಕ್ಷಕರು ಬರೆದು ಹೋಗಿದ್ದಾರಲ್ಲಯ್ಯ, ನಿನ್ನ ಫೈಲು ಈ ವರ್ಷ ಆಗಲ್ಲ.”

“ಆಗ್ಲಿ ಸಾ.”

ಮನೋಹರ್ ಪ್ರತಿಮಾ ಮೇಡಂ ಕಡೆ ತಿರುಗಿದರು. “ಆ ಎಂಟನೇ ಡಬ್ಬಕ್ಕೆ ಪರದೆ ತರಿಸಿ ಲ್ಯಾಬಿನಲ್ಲಿ ಖಾಯಮ್ಮಾಗಿ ಕೂರಿಸಿ. ಆರ್ಡರ್ ಇವತ್ತೇ ಕೊಡ್ತೀನಿ.”

ಡಬ್ಬವನ್ನು ಹೊತ್ತು ತಂದು ಮೇಜಿನ ಮೇಲೆ ಕೂರಿಸಿದವನು ಬಸವಯ್ಯನೇ. ಹೂಜಿಗೆ ಜಾಗ ಇಲ್ಲದಂತಾಗಿತ್ತು. ತನ್ನ ಸ್ಟೂಲಿನ ಮೇಲೆ ಅದನ್ನಿಟ್ಟು, ತಾನು ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿದ.