ಬುದ್ಧಿವಂತರ ಸಂಘದ ಕಾರ್ಡು

ಬುದ್ಧಿವಂತರ ಸಂಘಕ್ಕೆ ಸೇರುವುದರಿಂದ ಏನಾದರೂ ಉಪಯೋಗವಿದೆಯೇ ಎಂದು ಈಚೆಗೆ ಒಬ್ಬರು ಕೇಳಿದರು. ನಾನು ಒಂದು ವರ್ಷ ಅಂಥದೊಂದರ ಸದಸ್ಯನಾಗಿದ್ದೆನೆಂದು ಅವರಿಗೆ ಹೇಗೋ ತಿಳಿದಿತ್ತು. ಒಂದೇ ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಆದರೆ ಆ ಉತ್ತರ ನನಗೆ ಸಿಕ್ಕಿದ್ದು ಪಕ್ಕದ ಮನೆಯ ನೇಕಾರರಿಂದ. ಅವರನ್ನು ಬಿಟ್ಟು ಹೇಳಿದರೆ ವರದಿ ಅರ್ಧವಾಗುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಕೊಳ್ಳೇಗಾಲದಲ್ಲಿ ಮೈಸೂರಿನ ಒಂದು ಪತ್ರಿಕೆಗೆ ಬಾತ್ಮೀದಾರನಾಗಿದ್ದೆ. ಹನೂರಿನಿಂದ ಯಳಂದೂರಿನವರೆಗೆ ನಡೆದದ್ದನ್ನೆಲ್ಲ ಬರೆದು, ಲಕೋಟೆಯನ್ನು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ಕೆಲಸ. ಬಾಡಿಗೆಗಿದ್ದದ್ದು ನೇಕಾರರ ಬೀದಿಯಲ್ಲಿ. ಪಕ್ಕದ ಮನೆಯವರು ರೇಷ್ಮೆ ಸೀರೆ ನೇಯುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಓದಿದ್ದು ನಾಲ್ಕನೇ ತರಗತಿ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಇಪ್ಪತ್ತೈದು ವರ್ಷ ಮಗ್ಗ ತುಳಿದು ಅವರ ಮಂಡಿಗಳು ಸೋತಿದ್ದವು. ಬೆಳಿಗ್ಗೆ ಗುಂಡಿಗೆ ಇಳಿಯಲು ಹೆಂಡತಿಯ ಹೆಗಲು ಬೇಕಾಗುತ್ತಿತ್ತು.

ಆ ವರ್ಷ ಅವರ ನೇಕಾರರ ಸೊಸೈಟಿಯಲ್ಲಿ ಒಂದು ಜಾಗ ಖಾಲಿಯಾಯಿತು. ಸೀರೆಯ ಅಂಚಿನ ನಕ್ಷೆಯನ್ನು ಚೌಕಳಿ ಹಾಳೆಯಲ್ಲಿ ಬರೆದುಕೊಡುವ, ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಬೀದಿಯಲ್ಲಿ ಯಾರ ಮಗ್ಗದಲ್ಲಿ ನಕ್ಷೆ ತಪ್ಪಿದರೂ ಇವರನ್ನೇ ಕರೆಯುತ್ತಿದ್ದರು. ಆದರೆ ಎಸ್ಸೆಸ್ಸೆಲ್ಸಿ ಆಗಿರಬೇಕು, ಇಲ್ಲವೇ ಅದಕ್ಕೆ ಸಮನಾದ ಸರ್ಟಿಫಿಕೇಟು ಇರಬೇಕು ಎಂದು ನೋಟೀಸ್ ಹಚ್ಚಿದ್ದರು.

‘ಸಮನಾದ’ ಎಂಬ ಮಾತಿಗೆ ಜೋತುಬಿದ್ದವನು ನಾನು. ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಈ ಸಂಘದ ಜಾಹೀರಾತು ನೋಡಿದ್ದೆ. ಹೆಚ್ಚಿನ ಬುದ್ಧಿಶಕ್ತಿ ಇರುವವರಿಗೆ ಮಾತ್ರ ಪ್ರವೇಶ, ಪರೀಕ್ಷೆ ಅಂಚೆಯ ಮೂಲಕ, ಊರಿನ ಗೌರವಸ್ಥರೊಬ್ಬರು ಗಡಿಯಾರ ಹಿಡಿದು ಎದುರಿಗಿದ್ದರೆ ಸಾಕು. ಪ್ರಶ್ನೆಗಳೆಲ್ಲ ಚಿತ್ರಗಳು. ಪಾಸಾದರೆ ಸಿಗುವ ಕಾರ್ಡು ಸರ್ಟಿಫಿಕೇಟಿಗೆ ಸಮವೆನಿಸಬಹುದೆಂದು ನನ್ನ ಲೆಕ್ಕ. ನೇಕಾರರಿಗೆ ಇದನ್ನು ಹೇಳಿದಾಗ ಅವರು ಮಗ್ಗ ನಿಲ್ಲಿಸಿದರು.

“ಅಕ್ಷರ ಕೇಳಾಕಿಲ್ವಾ ಸಾ? ಅಂಗಾದ್ರೆ ನಾನೂ ಕೂತ್ಕತೀನಿ. ಫೇಲಾದ್ರೆ ಮಾತ್ರ ಪೇಪರ್ನಾಗೆ ಹಾಕ್ಬ್ಯಾಡಿ.”

ಒಬ್ಬರೇ ಕೂರಲು ಸಂಕೋಚ ಎಂದರು. ಅವರ ಜೊತೆಗೆಂದು ನಾನೂ ಕೂತೆ. ಒಂದು ಭಾನುವಾರ ಬೆಳಿಗ್ಗೆ ನಿವೃತ್ತ ಹೆಡ್‌ಮಾಸ್ಟರೊಬ್ಬರ ಮನೆಯ ಜಗುಲಿಯಲ್ಲಿ ಇಬ್ಬರೂ ಬರೆದೆವು. ಆಕೃತಿಯ ಒಂದು ತುಂಡು ಕಾಣೆಯಾಗಿರುತ್ತದೆ, ಕೆಳಗಿನ ಆರರಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಬೇಕು. ನಾನು ಅರ್ಧ ಮುಗಿಸುವಷ್ಟರಲ್ಲಿ ಅವರು ಪೂರ್ತಿ ಮುಗಿಸಿ, ಮಂಡಿ ನೀವಿಕೊಳ್ಳುತ್ತ ಬೀದಿ ನೋಡುತ್ತಿದ್ದರು.

ಹೂಗ್ಯದಲ್ಲಿ ಆನೆಗಳು ರಾಗಿ ಹೊಲ ತುಳಿದದ್ದನ್ನು ನೋಡಿಕೊಂಡು ಹನೂರಿನ ಮೇಲೆ ಬಸ್ಸಿನಲ್ಲಿ ವಾಪಸಾದ ದಿನ ಎರಡು ಲಕೋಟೆಗಳು ಬಂದಿದ್ದವು. ನನ್ನದರಲ್ಲಿ ಸದಸ್ಯತ್ವದ ಕಾರ್ಡು, ಅವರದರಲ್ಲಿ ವಿಷಾದದ ಒಂದು ಸಾಲು. ಆ ಸಾಲನ್ನು ಅವರು ನನ್ನಿಂದ ಎರಡು ಸಲ ಓದಿಸಿದರು.

ನನಗೆ ನಂಬಿಕೆ ಬರಲಿಲ್ಲ. ನೆನಪಿದ್ದ ಎರಡು ಚಿತ್ರಗಳನ್ನು ಟೆಲಿಗ್ರಾಂ ಫಾರಂನ ಹಿಂದೆ ಬರೆದು, ಉತ್ತರ ತೋರಿಸಿ ಎಂದೆ. ತಡಮಾಡದೆ ತೋರಿಸಿದರು. ಎರಡೂ ಸರಿಯಾದ ಉತ್ತರವೇ, ಆದರೆ ಎಡಬಲ ತಿರುಗಿದ್ದು. ಆಗ ಗೊತ್ತಾಯಿತು. ಅವರ ಮಗ್ಗದಲ್ಲಿ ಸೀರೆಯ ಹಿಂಬದಿ ನೇಯುವವರ ಕಡೆಗಿರುತ್ತದೆ. ಉಡುವವರು ಕಾಣುವ ಮುಖ ಕೆಳಗೆ. ಬಲಕ್ಕೆ ವಾಲಿದ ಬಳ್ಳಿ ಕಂಡರೆ ನಿಜವಾದದ್ದು ಎಡಕ್ಕೆ ವಾಲಿದೆಯೆಂದೇ ಅವರ ಲೆಕ್ಕ. ಪರೀಕ್ಷೆಯುದ್ದಕ್ಕೂ ಅವರು ಕೆಳಗಿನ ಮುಖಕ್ಕೆ ಗುರುತು ಹಾಕಿದ್ದರು. ಮುಖದ ಕಡೆ ಹೇಗೆ ಬಂದಿದೆಯೆಂದು ನೋಡಲು ನೇಕಾರರು ಬಟ್ಟೆಯ ಅಡಿಗೆ ಒಂದು ಚಿಕ್ಕ ಕನ್ನಡಿ ಹಿಡಿಯುತ್ತಾರೆ.

“ಕನ್ನಡಿ ತಕಂಡೋಗಿದ್ರೆ ಪಾಸಾಗ್ಬುಡ್ತಿದ್ದೆ ಕಣ್ರಿ,” ಎಂದು ನಕ್ಕರು. ಆ ನಗು ಬಹಳ ಹೊತ್ತು ಇರಲಿಲ್ಲ.

ನಾನು ಇದನ್ನೆಲ್ಲ ವಿವರಿಸಿ ಸಂಘಕ್ಕೆ ಬರೆದೆ. ಮರುಪರೀಕ್ಷೆಗೆ ನಿಯಮವಿಲ್ಲ ಎಂದು ಉತ್ತರ ಬಂತು. ಸದಸ್ಯರಿಗೆ ಕಳಿಸುವ ಸಂಘದ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ನನ್ನ ಪತ್ರವನ್ನು ವಿನೋದದ ಪುಟದಲ್ಲಿ ಹಾಕಿದ್ದರು. ಉಳಿದ ಪುಟಗಳಲ್ಲಿ ಸದಸ್ಯರು ಪ್ರವೇಶದ ಅಂಕವನ್ನು ಇನ್ನೂ ಏರಿಸಬೇಕೇ ಎಂದು ವಾದಿಸುತ್ತಿದ್ದರು. ಆದರೂ ಒಂದು ತಿಂಗಳು ಕಾರ್ಡನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಬಗ್ಗೆಯೇ ನಾಲ್ಕು ಸಾಲಿನ ಸುದ್ದಿ ಬರೆದು ಬಸ್ಸಿಗೂ ಕೊಟ್ಟೆ. ಡೆಸ್ಕಿನವರು ಹಾಕಲಿಲ್ಲ. ಹಾಕದಿದ್ದದ್ದು ಸರಿ.

ಸೊಸೈಟಿಯ ಜಾಗ ಇನ್ನೂ ತುಂಬಿಲ್ಲವೆಂದು ಕೇಳಿದ್ದೆ. ನನ್ನ ಕಾರ್ಡಿಗಾದರೂ ಬೆಲೆ ಸಿಗಬಹುದೆಂದು ಅವರನ್ನು ಕರೆದುಕೊಂಡು ಸೊಸೈಟಿಗೆ ಹೋದೆ. ನಡೆದದ್ದನ್ನು ಹೇಳಿ, ಇಂಥ ತಪ್ಪು ಮಾಡಲು ನಕ್ಷೆ ಬಲ್ಲವರಿಂದಲೇ ಸಾಧ್ಯ ಎಂದು ವಾದಿಸಿದೆ. ಅಧ್ಯಕ್ಷರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದು ಸರ್ಕಾರದ್ದಾ?”

ಅಲ್ಲ, ಬುದ್ಧಿವಂತರ ಸಂಘದ್ದು ಎಂದೆ.

“ಅವ್ರು ಬುದ್ಧಿವಂತ್ರು ಅಂತ ಯಾರ್ ಏಳಿದ್ರು?”

“ಅವರೇ.”

ಅಧ್ಯಕ್ಷರು ಕಾರ್ಡನ್ನು ಮರ್ಯಾದೆಯಿಂದಲೇ ವಾಪಸು ಕೊಟ್ಟರು. ಯಳಂದೂರಿನ ಎಸ್ಸೆಸ್ಸೆಲ್ಸಿ ಆದವರೊಬ್ಬರನ್ನು ಆಗಲೇ ಗೊತ್ತುಮಾಡಿದ್ದಾಗಿ ತಿಳಿಸಿದರು. ಅಧ್ಯಕ್ಷರ ಮೇಲೆ ಕೋಪ ಬರಲಿಲ್ಲ. ಅವರು ಕೇಳಿದ ಪ್ರಶ್ನೆಯನ್ನು ಬಾತ್ಮೀದಾರನಾದ ನಾನು ಮೊದಲೇ ಕೇಳಬೇಕಿತ್ತು.

ಬಿಸಿಲಿನಲ್ಲಿ ನಿಧಾನವಾಗಿ ವಾಪಸು ನಡೆದೆವು. ಬೀದಿಯ ತಿರುವಿನಲ್ಲಿ ಅವರು ಗೋಡೆಗೆ ಕೈಯೂರಿ ನಿಂತರು.

“ನಾನು ಪಾಸಾಗಿದ್ರೂ ಇಷ್ಟೇಯಾ ಸಾ?”

“ಇಷ್ಟೇ.”

“ಅಂಗಾದ್ರೆ ಬುಡಿ. ಕೈಗ್ ಬಂದಿದ್ದ ನಾನೇ ಕೆಡಿಸ್ಕಂಬುಟ್ನಲ್ಲ ಅಂತ ಅವತ್ತಿಂದ ಅನ್ನ ಸೇರಿರ್ನಿಲ್ಲ.”

ಮಾರನೆಯ ಬೆಳಿಗ್ಗೆ ಹೆಂಡತಿಯ ಹೆಗಲು ಹಿಡಿದು ಮತ್ತೆ ಗುಂಡಿಗೆ ಇಳಿದರು. ಯಳಂದೂರಿನವರು ವಾರಕ್ಕೊಮ್ಮೆ ಚೌಕಳಿ ಹಾಳೆ ತಂದು ಅವರಿಗೇ ತೋರಿಸಿಕೊಂಡು ಹೋಗುತ್ತಿದ್ದರು. ಇವರು ಗುಂಡಿಯಲ್ಲಿ ಕೂತಂತೆಯೇ ತಿದ್ದಿಕೊಡುತ್ತಿದ್ದರು.

ವರ್ಷ ತುಂಬಿದಾಗ ಸದಸ್ಯತ್ವ ಮುಂದುವರಿಸುವ ಅರ್ಜಿ ಬಂತು. ಸಂಘದಿಂದ ನಿಮಗಾದ ಪ್ರಯೋಜನವೇನು ಎಂದು ಕೇಳಿ, ಬರೆಯಲು ಎರಡು ಗೆರೆ ಬಿಟ್ಟಿದ್ದರು. ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು. ಆಗಾಗ ನಿಲ್ಲುತ್ತಿತ್ತು, ಮಂಡಿ ನೀವಿಕೊಳ್ಳುವಷ್ಟು ಹೊತ್ತಿನ ನಂತರ ಮತ್ತೆ ಶುರುವಾಗುತ್ತಿತ್ತು. ಗೆರೆಗಳನ್ನು ಹಾಗೇ ಬಿಟ್ಟು ಅರ್ಜಿಯನ್ನು ಪಕ್ಕಕ್ಕಿಟ್ಟೆ. ಬಸ್ಸಿಗೆ ಹೊತ್ತಾಗಿತ್ತು.