ನಲವತ್ತು ನಿಮಿಷದಾಚೆಯ ತಂಗಿ

ಅದು ಪೈಲಟ್ ಬಿಟ್ಟರೆ ಎಂಟೇ ಸೀಟಿನ ವಿಮಾನ. ಹತ್ತುವವರು ಪೆಟ್ಟಿಗೆಯ ಜೊತೆಗೆ ತಾವೂ ತೂಕದ ಯಂತ್ರದ ಮೇಲೆ ನಿಲ್ಲಬೇಕು. ನಿಲ್ಲಿಸುವವಳಿಗೆ ಊರವರು ಇಟ್ಟ ಹೆಸರು ತೂಕದಕ್ಕ. ಹೊಟ್ಟೆ ಒಳಗೆಳೆದುಕೊಂಡು ನಿಂತವರಿಗೆ, "ಉಸಿರು ಬಿಡಿ ಸಾರ್, ಮುಳ್ಳು ಅದಕ್ಕೆಲ್ಲ ಮರುಳಾಗಲ್ಲ" ಅನ್ನುತ್ತಿದ್ದಳು. ಭಾರ ಹೆಚ್ಚಾದರೆ ಕೊನೆಗೆ ಬಂದವರನ್ನು ಇಳಿಸುವುದು ನಿಯಮ. ಮುಖದಾಕ್ಷಿಣ್ಯಕ್ಕೆ ಬಗ್ಗುವ ಜಾಯಮಾನ ಅವಳದಲ್ಲ.

ಬೆಟ್ಟದಾಚೆಯ ನಿಲ್ದಾಣದಲ್ಲಿ ಇದೇ ಕೆಲಸ ಅವಳ ತಂಗಿಯದು. ಬಸ್ಸಿನಲ್ಲಿ ಬಳಸಿಕೊಂಡು ಹೋದರೆ ಎರಡು ದಿನ, ವಿಮಾನಕ್ಕೆ ನಲವತ್ತು ನಿಮಿಷ. ಅಲ್ಲಿಂದ ಬರುವಾಗ ಮಾತ್ರ ಎದುರುಗಾಳಿ. ಒಂದು ಗಂಟೆ ಹಿಡಿಯುತ್ತದೆ, ಇಂಧನ ಹೆಚ್ಚು ಬೇಕು, ಅದರ ಭಾರವೂ ಸೇರುತ್ತದೆ. ಹಾಗಾಗಿ ಆ ಕಡೆ ಒಬ್ಬರಲ್ಲ ಒಬ್ಬರು ಉಳಿದುಬಿಡುತ್ತಿದ್ದರು.

ಹಲವು ವರ್ಷದ ಹಿಂದೆ ಇವರ ಅಮ್ಮ ಕಿರಿಮಗಳನ್ನು ನೋಡಲು ಹೊರಟರು. ಕನ್ನಡಕ ಹುಡುಕುತ್ತ ಕೂತು ಎಲ್ಲರಿಗಿಂತ ತಡವಾಗಿ ಬಂದರು. ಅವತ್ತು ಭಾರ ಹೆಚ್ಚಿತ್ತು. ತೂಕದಕ್ಕ ಅಮ್ಮನನ್ನೇ ಇಳಿಸಿದಳು. "ನಾಳೆ ಹೋದ್ರಾಯ್ತು ಬಿಡಮ್ಮ" ಅಂದಳು. ಮರುದಿನ ಮಂಜು ಕವಿಯಿತು. ಅದು ಸರಿಯುವ ಮೊದಲೇ ಅಮ್ಮ ನಿದ್ದೆಯಲ್ಲಿ ತೀರಿಕೊಂಡರು. ಮಣ್ಣಿಗೂ ತಂಗಿ ತಲುಪಲಿಲ್ಲ. ಫೋನಿನಲ್ಲಿ, "ಅಮ್ಮನ್ನ ಸಾಮಾನಿನ ಹಾಗೆ ತೂಗಿ ಇಳಿಸಿದ್ಯಲ್ಲ" ಎಂದವಳು ಮತ್ತೆ ಫೋನು ಎತ್ತಲಿಲ್ಲ.

ಆದರೆ ಕೆಲಸ ಬಿಡುವಂತಿರಲಿಲ್ಲ. ವಿಮಾನ ಏರಿದಾಗ ರೇಡಿಯೊದಲ್ಲಿ ಇವಳು "ಇಷ್ಟು ಜನ, ಹೊರಟಿದೆ" ಅನ್ನಬೇಕು, ಇಳಿದಾಗ ಅವಳು "ಬಂದಿದೆ" ಅನ್ನಬೇಕು. ಆ ಒಂದು ಪದದಲ್ಲೇ ತಂಗಿಗೆ ನೆಗಡಿಯೋ, ನಿದ್ದೆಗೇಡೋ ಎಂದು ಅಕ್ಕ ಗೊತ್ತುಮಾಡಿಕೊಳ್ಳುತ್ತಿದ್ದಳು. ಹೊರಗೆ ಮಾತ್ರ ಕಲ್ಲುಗುಂಡಿನಂತೆ ಇರುತ್ತಿದ್ದಳು.

ನಿವೃತ್ತಿಯ ದಿನ ಬಂತು. ನಾಳೆಯಿಂದ ಆ ಒಂದು ಪದವೂ ಕಿವಿಗೆ ಬೀಳುವುದಿಲ್ಲ ಎಂಬುದು ಅವಳಿಗೆ ತಡೆಯಲಾಗಲಿಲ್ಲ. ಏಳು ಜನರನ್ನು ಹತ್ತಿಸಿ, ಹೊಸ ಗುಮಾಸ್ತನಿಗೆ ಕೀಲಿಕೈ ಕೊಟ್ಟು, ತಾನೇ ಯಂತ್ರದ ಮೇಲೆ ನಿಂತಳು. ಮುಳ್ಳು ಗೆರೆಯೊಳಗೇ ಇತ್ತು. ರೇಡಿಯೊ ಎತ್ತಿಕೊಂಡಳು.

"ಎಂಟು ಜನ. ಎಂಟನೆಯವಳು ನಾನು. ಒಂದ್ಸಲ ಮುಖ ನೋಡಿ ಇದೇ ವಿಮಾನಕ್ಕೆ ವಾಪಸ್ ಬಂದ್ಬಿಡ್ತೀನಿ."

ಪೈಲಟ್ ಕಿಟಕಿಯಿಂದ ಕೈಬೀಸಿ ಅವಸರ ಮಾಡಿದ. ತೂಕದಕ್ಕ ರೇಡಿಯೊ ಕೆಳಗಿಡಲಿಲ್ಲ.

"ವಾಪಸ್ಸಿಗೆ ಎದುರುಗಾಳಿ" ಅಂದಳು ತಂಗಿ ಕೊನೆಗೆ. "ಭಾರ ಹೆಚ್ಚಾಗುತ್ತೆ. ನಿನ್ನ ಇಳಿಸ್ಬೇಕಾಗುತ್ತೆ."

"ಇಳಿಸು. ನಾಳೆ ಹೊರಡ್ತೀನಿ."

"ನಾಳೇನೂ ಇಳಿಸ್ತೀನಿ."

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಉಟ್ಟ ಬಟ್ಟೇಲಿ ಬರ್ತಿದೀನಲ್ಲೇ."

"ನಂದೇ ಉಟ್ಕೊಳ್ಳುವಂತೆ, ಬಾ ಅಕ್ಕ."